ಏಷ್ಯಾದ ಸ್ಕೂಲ್‌ಗಳಲ್ಲಿ 'ಜಾಗತಿಕ ಪೌರತ್ವ' ಅಂತ ನಿಜವಾಗ್ಲೂ ಏನು ಕಲಿಸ್ತಾರೆ? ಅಲ್ಲಿರೋ ಕನ್ನಡಿಗರು ದಯವಿಟ್ಟು ಹೇಳಿ

ದುರ್ಗದ ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ನಾನು ಚಿತ್ರದುರ್ಗ ಜಿಲ್ಲೆಯ ಒಂದು ಸರ್ಕಾರಿ ಹೈಸ್ಕೂಲಲ್ಲಿ ಸಮಾಜ ವಿಜ್ಞಾನ ಪಾಠ ಮಾಡ್ತೀನಿ, ಹದಿನಾರು ವರ್ಷ ಸರ್ವೀಸಾಯ್ತು. ಮುಂದಿನ ತಿಂಗಳು ಟೀಚರ್ಸ್ ಸಮಾಲೋಚನಾ ಸಭೇಲಿ "ಜಾಗತಿಕ ಪೌರತ್ವ ಶಿಕ್ಷಣ"ದ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿ ಅಂತ ನನಗೆ ವಹಿಸಿದ್ದಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತೀಲಿ ಈ ಮಾತಿದೆ, ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 4.7 ಅಂತ ಒಂದಿದೆ, 2030ರ ಒಳಗೆ ಎಲ್ಲ ಮಕ್ಕಳಿಗೂ ಮಾನವ ಹಕ್ಕು, ಲಿಂಗ ಸಮಾನತೆ, ಶಾಂತಿ, ಜಾಗತಿಕ ಪೌರತ್ವ ಇವೆಲ್ಲ ಸಿಗ್ಬೇಕು ಅಂತ. ಇಷ್ಟನ್ನ ಓದ್ಕೊಂಡಿದ್ದೀನಿ. ಇದನ್ನೇ ಪಿಪಿಟಿ ಮಾಡಿ ಓದಿ ಹೇಳಿದ್ರೂ ಸಭೆ ಮುಗಿಯುತ್ತೆ, ಆದ್ರೆ ನನಗೆ ಹಾಗೆ ಮಾಡೋಕೆ ಮನಸ್ಸಿಲ್ಲ.

ಹುಡುಕಿದ್ರೆ ಸಿಗೋ ಉದಾಹರಣೆಗಳೆಲ್ಲ ಯುರೋಪು, ಕೆನಡಾದ್ದು. ಒಂದು ಕ್ಲಾಸಲ್ಲಿ ಇಪ್ಪತ್ತು ಮಕ್ಕಳು, ಪಬ್ಲಿಕ್ ಪರೀಕ್ಷೆಯ ಭಯ ಇಲ್ಲ, ಅಂಥಾ ಕಡೆಯ ಕಥೆ ನಮ್ಮ ಟೀಚರ್ಸ್‌ಗೆ ಹೇಳಿದ್ರೆ ಅವರಿಗೆ ಏನು ದಕ್ಕುತ್ತೆ? ನಮ್ಮ ಹಾಗೇ ಮಾರ್ಕ್ಸು, ಟ್ಯೂಷನ್ನು, ಅಪ್ಪ ಅಮ್ಮನ ಒತ್ತಡ, ಭಾಷೆ ಜಗಳ, ಪಕ್ಕದ ದೇಶದ ಜೊತೆ ಹಳೇ ವೈಮನಸ್ಸು ಎಲ್ಲ ಇರೋ ಏಷ್ಯಾ ದೇಶಗಳಲ್ಲಿ ಇದನ್ನ ಹೆಂಗೆ ಮಾಡ್ತಾರೆ? ದೇಶಪ್ರೇಮಾನೂ ಕಲಿಸಿ, ಇಡೀ ಪ್ರಪಂಚದ ಜನ ನಮ್ಮೋರೇ ಅಂತಾನೂ ಕಲಿಸೋಕೆ ಹೋದಾಗ ಎಲ್ಲಿ ತೊಡಕಾಗುತ್ತೆ? ನಿಮ್ಮ ಮಕ್ಕಳು ಅಲ್ಲಿನ ಸ್ಕೂಲಿಗೆ ಹೋಗ್ತಿದ್ರೆ ನೀವು ಕಣ್ಣಾರೆ ನೋಡಿದ್ದನ್ನ ಹೇಳಿ.

ಸಿಂಗಾಪುರದಿಂದ ಮಂಡ್ಯದೋಳು:

ಮೇಷ್ಟ್ರೇ ನಮಸ್ಕಾರ, ಒಳ್ಳೇ ಪ್ರಶ್ನೆ ಕೇಳಿದ್ದೀರಿ. ನಾವಿಲ್ಲಿ ಬಂದು ಹನ್ನೊಂದು ವರ್ಷ, ಮಕ್ಕಳಿಬ್ಬರೂ ಇಲ್ಲಿನ ಸರ್ಕಾರಿ ಸ್ಕೂಲಲ್ಲೇ ಓದ್ತಿರೋದು. ಇಲ್ಲಿ "ಗುಣ ಮತ್ತು ಪೌರತ್ವ ಶಿಕ್ಷಣ" ಅಂತಾನೇ ಒಂದು ವಿಷಯ ಇದೆ, ಸಿಸಿಇ ಅಂತಾರೆ. ಅದ್ರಲ್ಲಿ ನಾಗರಿಕ ಜ್ಞಾನ, ಪ್ರಪಂಚದ ಅರಿವು, ಬೇರೆ ಸಂಸ್ಕೃತಿಯೋರ ಜೊತೆ ಬದುಕೋದು ಮೂರನ್ನೂ ಒಂದೇ ಕಟ್ಟಲ್ಲಿ ಇಟ್ಟಿದ್ದಾರೆ, 2010ರ ಹೊತ್ತಿಗೆ ಬಂದ 21ನೇ ಶತಮಾನದ ಸಾಮರ್ಥ್ಯಗಳ ಚೌಕಟ್ಟು ಅದು.

ಆದ್ರೆ ಇದನ್ನ ಅರ್ಥ ಮಾಡ್ಕೊಳ್ಳೋಕೆ ಜುಲೈ 21 ನೋಡ್ಬೇಕು. 1964ರಲ್ಲಿ ಅದೇ ದಿನ ಇಲ್ಲಿ ಮಲಯ್ ಮತ್ತು ಚೀನೀ ಜನರ ಮಧ್ಯೆ ದೊಡ್ಡ ಗಲಭೆ ಆಗಿತ್ತು, ಜನ ಸತ್ರು. ಈಗ ಆ ದಿನಾನ ಸ್ಕೂಲ್‌ಗಳಲ್ಲಿ ಜನಾಂಗೀಯ ಸಾಮರಸ್ಯ ದಿನ ಅಂತ ಮಾಡ್ತಾರೆ. ನನ್ನ ಮಗಳು ಒಂದ್ ವರ್ಷ ಮಲಯ್ ಹುಡುಗೀರು ಹಾಕೋ ಬಾಜು ಕುರುಂಗ್ ಹಾಕ್ಕೊಂಡು ಹೋದ್ಲು, ಅವಳ ಚೀನೀ ಫ್ರೆಂಡು ನಮ್ಮನೆಯಿಂದ ಲಂಗ ದಾವಣಿ ಇಸ್ಕೊಂಡು ಹೋದ್ಲು. ದಿನಾ ಬೆಳಿಗ್ಗೆ ರಾಷ್ಟ್ರಗೀತೆ ಮಲಯ್ ಭಾಷೇಲಿ ಹಾಡ್ತಾರೆ, ಯಾವ ಜನಾಂಗದ ಮಗೂನೇ ಆಗ್ಲಿ, ಆಮೇಲೆ ಪ್ರತಿಜ್ಞೆ, ಅದ್ರಲ್ಲಿ "ಜನಾಂಗ, ಭಾಷೆ, ಧರ್ಮ ಯಾವುದನ್ನೂ ಲೆಕ್ಕಿಸದೆ" ಅನ್ನೋ ಸಾಲು ಬರುತ್ತೆ. 1966ರಲ್ಲಿ ಅದನ್ನ ಬರೆದ ಎಸ್. ರಾಜರತ್ನಂ ಇಲ್ಲಿನ ಮೊದಲ ವಿದೇಶಾಂಗ ಮಂತ್ರಿ, ಸಿಂಗಾಪುರ ಜಾಗತಿಕ ನಗರ ಆಗ್ಬೇಕು ಅಂತ 1972ರಲ್ಲೇ ಭಾಷಣ ಮಾಡಿದ್ದೂ ಅವರೇ. ಗಲಭೆ ಮತ್ತೆ ಆಗಬಾರದು ಅನ್ನೋ ಭಯ ಒಂದು ಕಡೆ, ಪ್ರಪಂಚದ ವ್ಯಾಪಾರ ಕೈ ತಪ್ಪಿದ್ರೆ ಈ ಪುಟ್ಟ ದ್ವೀಪಕ್ಕೆ ಊಟ ಇಲ್ಲ ಅನ್ನೋ ಭಯ ಇನ್ನೊಂದು ಕಡೆ, ಇವೆರಡರ ಮೇಲೇ ಇಲ್ಲಿನ ಜಾಗತಿಕ ಪೌರತ್ವ ನಿಂತಿರೋದು ಅಂತ ನನಗನ್ಸುತ್ತೆ. ಹಂಗಾಗಿ "ಪ್ರಪಂಚಕ್ಕೆ ಹೋಗು, ಆದ್ರೆ ಬೇರು ಇಲ್ಲೇ ಇರ್ಲಿ" ಅನ್ನೋದು ಪ್ರತಿ ಪಾಠದಲ್ಲೂ ಇರುತ್ತೆ. 1997ರಲ್ಲಿ ರಾಷ್ಟ್ರೀಯ ಶಿಕ್ಷಣ ಅಂತ ಶುರು ಮಾಡಿದ್ದೂ ಹುಡುಗ್ರಿಗೆ ದೇಶದ ಕಥೇನೇ ಗೊತ್ತಿಲ್ಲ ಅನ್ನೋ ಆತಂಕದಿಂದ.

ಒಳ್ಳೇದು ಹೇಳಿದ ಮೇಲೆ ಕೊರಗಿರೋದನ್ನೂ ಹೇಳ್ತೀನಿ. ಇಲ್ಲಿ ಪ್ರತಿ ಮಗೂನೂ ಇಂಗ್ಲಿಷ್ ಜೊತೆ ಒಂದು "ಮಾತೃಭಾಷೆ" ಓದ್ಬೇಕು. ಚೀನೀ, ಮಲಯ್, ತಮಿಳು ಅಧಿಕೃತ. ಭಾರತದ ಮಕ್ಕಳಿಗೆ ಇನ್ನೂ ಐದು ಭಾಷೆಗೆ ಅವಕಾಶ ಇದೆ, ಬಂಗಾಳಿ, ಗುಜರಾತಿ, ಹಿಂದಿ, ಪಂಜಾಬಿ, ಉರ್ದು. ಕನ್ನಡ ಇಲ್ಲ. ನನ್ನ ಮಕ್ಕಳ ರಿಪೋರ್ಟ್ ಕಾರ್ಡಲ್ಲಿ ಮಾತೃಭಾಷೆ ಹಿಂದಿ ಅಂತ ಬರುತ್ತೆ. ಮನೇಲಿ ಅವರಜ್ಜಿ ಹತ್ರ ಫೋನಲ್ಲಿ ಮಾತಾಡೋದು ಮಂಡ್ಯ ಕನ್ನಡ. ಚಿಕ್ಕೋನು ಒಂದ್ಸಲ "ಅಮ್ಮ, ಮಾತೃಭಾಷೆ ಅಂದ್ರೆ ಅಮ್ಮನ ಭಾಷೆ ಅಲ್ವಾ, ನೀನು ಹಿಂದಿ ಮಾತಾಡಲ್ವಲ್ಲ" ಅಂತ ಕೇಳ್ದ, ಏನು ಹೇಳ್ಬೇಕು ಅಂತ ಗೊತ್ತಾಗ್ಲಿಲ್ಲ. ಎಲ್ಲರನ್ನೂ ಚೀನೀ, ಮಲಯ್, ಇಂಡಿಯನ್, ಇತರೆ ಅಂತ ನಾಲ್ಕು ಡಬ್ಬಿಗೆ ಹಾಕಿದಾಗ ಇಂಥ ಸಣ್ಣ ಭಾಷೆಯೋರು ಮೂಲೇಲಿ ಸಿಕ್ಕಾಕೊಳ್ತಾರೆ. ಇನ್ನೊಂದು ಅಂದ್ರೆ ಈ ಬಿಲ್ಡಿಂಗೆಲ್ಲ ಕಟ್ಟಿದ ಕಟ್ಟಡ ಕೆಲಸದೋರಿಗೆ, ವರ್ಕ್ ಪರ್ಮಿಟ್ ಮೇಲೆ ಬಂದೋರಿಗೆ, ಹೆಂಡತಿ ಮಕ್ಕಳನ್ನ ಕರ್ಕೊಂಡು ಬರೋಕೆ ಅವಕಾಶಾನೇ ಇಲ್ಲ, ಹಂಗಾಗಿ ಅವರ ಮಗು ನನ್ನ ಮಗನ ಪಕ್ಕದ ಬೆಂಚಲ್ಲಿ ಕೂರೋದೇ ಇಲ್ಲ. ಅವರ ಬಗ್ಗೆ ಮಕ್ಕಳು ಪಾಠದಲ್ಲಿ ಓದ್ತಾರೆ, ಕಾರ್ಡ್ ಮಾಡಿ ಕೊಡ್ತಾರೆ, ಜೊತೆಗೆ ಆಡಲ್ಲ.

ಗದಗಿನಾಂವ, ಈಗ ಕೊರಿಯಾ:

ನಮಸ್ಕಾರ್ರೀ ಸರ್. ಆರು ವರ್ಷ ಆತು ನಾ ಇಲ್ಲಿ ಬಂದು, ಮದ್ಲ ಪಿಎಚ್‌ಡಿ, ಈಗ ಕೆಲಸ. ನಿಮ್ಮ ವಿಷಯಕ್ಕ ಕೊರಿಯಾ ಬಿಟ್ಟು ಮಾತಾಡಾಕ ಬರೂದಿಲ್ರೀ, ಯಾಕಂದ್ರ ಈ ಪದಾನ ಜಗತ್ತಿಗೆಲ್ಲ ಹಂಚಿದ್ದರಾಗ ಇವರ ಪಾಲು ಭಾಳ ದೊಡ್ಡದು. ಬಾನ್ ಕಿ ಮೂನ್ ವಿಶ್ವಸಂಸ್ಥೆ ಪ್ರಧಾನ ಕಾರ್ಯದರ್ಶಿ ಇದ್ದಾಗ, 2012ರಾಗ, ಶಿಕ್ಷಣದ ಮ್ಯಾಲ ಒಂದು ದೊಡ್ಡ ಅಭಿಯಾನ ಚಾಲೂ ಮಾಡಿದ್ರು, ಅದರಾಗ ಮೂರು ಆದ್ಯತೆ ಇದ್ದೂ, ಎಲ್ಲಾ ಹುಡುಗ್ರನ್ನ ಸಾಲಿಗೆ ಕಳಸೂದು, ಕಲಿಕೆ ಗುಣಮಟ್ಟ, ಮೂರನೇದ್ದು ಜಾಗತಿಕ ಪೌರತ್ವ. 2015ರಾಗ ಜಾಗತಿಕ ಶಿಕ್ಷಣ ವೇದಿಕೆ ಕೂಡಿದ್ದು ಇಲ್ಲೇ ಇಂಚಾನ್ ಊರಾಗ, ಅದೇ ವರ್ಷ ನೀವು ಹೇಳಿದ 4.7 ಬಂತು. ಯುನೆಸ್ಕೋ ಜೋಡಿ ಕೂಡಿ ಏಷ್ಯಾ ಪೆಸಿಫಿಕ್ ದೇಶಗಳ ಶಿಕ್ಷಕರಿಗೆ ತರಬೇತಿ ಕೊಡೂ ಕೇಂದ್ರ ಸೋಲ್‌ನಾಗ 2000ದಿಂದ ಐತಿ.

ಇವರಿಗ್ಯಾಕ ಇಷ್ಟು ಆಸಕ್ತಿ ಅಂದ್ರ, ಕೊರಿಯಾ ಯುದ್ಧ ಮುಗದ ಮ್ಯಾಲ ಪರದೇಶದ ನೆರವಿನ ಮ್ಯಾಲ ಬದುಕಿದ ದೇಶ ಇದು. 2010ಕ್ಕ ನೆರವು ಕೊಡೂ ಶ್ರೀಮಂತ ದೇಶಗಳ ಸಮಿತಿಗೆ ಸದಸ್ಯ ಆತು. ಆ ಹೆಮ್ಮಿ ಸಾಲಿ ಪಾಠದಾಗೂ ಕಾಣ್ತೈತಿ, "ನಾವು ತಗೊಂಡೀವಿ, ಈಗ ಕೊಡ್ಬೇಕು" ಅಂತ. ಇದು ನನಗ ಭಾಳ ಛಲೋ ಅನಿಸ್ತೈತಿ.

ಆದ್ರ ಮನಿಯೊಳಗಿಂದು ಬ್ಯಾರೆ ಕಥಿ. ಇಲ್ಲಿ ತಲೆಮಾರುಗಟ್ಟಲೆ "ನಾವೆಲ್ಲಾ ಒಂದ ರಕ್ತ, ಒಂದ ಜನಾಂಗ" ಅಂತ ಪಾಠಪುಸ್ತಕದಾಗ ಕಲಿಸ್ಯಾರ. ಜಪಾನ್ ಆಳಿಕೆಯೊಳಗ ಭಾಷೆ, ಹೆಸರು ಎಲ್ಲಾ ಕಸಗೊಂಡಾಗ ಅದೇ ಮಾತು ಇವರನ್ನ ಹಿಡದು ನಿಲ್ಲಿಸಿತ್ತು, ಹಂಗಾಗಿ ಅದನ್ನ ಸುಳ್ಳ ಬೈಯಾಕ ಬರೂದಿಲ್ಲ. ಮುಂದ ಹಳ್ಳಿಯೊಳಗ ರೈತ ಹುಡುಗ್ರಿಗೆ ಕನ್ಯಾ ಸಿಗದಂಗ ಆಗಿ ವಿಯೆಟ್ನಾಂ, ಚೀನಾ, ಫಿಲಿಪೀನ್ಸ್‌ನಿಂದ ಹೆಣ್ಣು ತಂದ್ರು (ಇದು ಕೇಳಿದ್ರ ನಮ್ಮ ಕಡೆ ರೈತ ಹುಡುಗ್ರ ಕಷ್ಟ ನೆನಪಾಗ್ತೈತ್ರೀ), ಅವರ ಮಕ್ಕಳು ಸಾಲಿಗೆ ಬಂದ್ರು. 2007ರಾಗ ವಿಶ್ವಸಂಸ್ಥೆಯ ಜನಾಂಗ ತಾರತಮ್ಯ ಸಮಿತಿ ಈ ಒಂದ ರಕ್ತದ ಮಾತಿನ ಬಗ್ಗೆ ಕಾಳಜಿ ತೋರಿಸ್ತು. ಅದೇ ವರ್ಷ ಧ್ವಜದ ಮುಂದಿನ ಪ್ರತಿಜ್ಞೆ ಬದಲ್ ಮಾಡಿದ್ರು ನೋಡ್ರಿ, ಮದ್ಲು "ತಾಯ್ನಾಡು ಮತ್ತು ಜನಾಂಗ" ಅಂತ ಇತ್ತು, ಜನಾಂಗ ಅನ್ನೂ ಶಬ್ದ ತಗದು "ಸ್ವತಂತ್ರ, ನ್ಯಾಯದ ಕೊರಿಯಾ ಗಣರಾಜ್ಯ" ಅಂತ ಹಾಕಿದ್ರು. ಒಂದು ಶಬ್ದ ಅಷ್ಟ, ಆದ್ರ ಬಾಯಿಲೆ ದಿನಾ ಹೇಳೂ ಶಬ್ದ ಅದು. 2008ಕ್ಕ ಬಹುಸಂಸ್ಕೃತಿ ಕುಟುಂಬಗಳಿಗೆ ನೆರವು ಕೊಡೂ ಕಾಯ್ದೆ ಬಂತು. ಬಹುಸಂಸ್ಕೃತಿ ಅನ್ನೂದಕ್ಕ ಕೊರಿಯನ್ ಶಬ್ದ "ದಾಮುನ್‌ಹ್ವಾ". ಈಗ ಏನಾಗೈತಿ ಅಂದ್ರ ಕೆಲವು ಸಾಲಿಯೊಳಗ ಹುಡುಗ್ರು ಆ ಕೂಸಿಗೆ ಹೆಸರು ಬಿಟ್ಟು "ಏ ದಾಮುನ್‌ಹ್ವಾ" ಅಂತ ಕರಿತಾವು. ಸರ್ಕಾರ ಪ್ರೀತಿಲೆ ಇಟ್ಟ ಶಬ್ದ ಅಂಗಳದಾಗ ಬೈಗುಳ ಆತು. ನನ್ನ ಜೋಡಿ ಕೆಲಸ ಮಾಡೂ ಒಬ್ಬಾಕಿ ವಿಯೆಟ್ನಾಂ ತಾಯಿ ಇದನ್ನ ಹೇಳಿಕೋತ ಕಣ್ಣಾಗ ನೀರು ತಂದ್ಲು.

ಪರೀಕ್ಷಾ ಅಂತೂ ಕೇಳಬ್ಯಾಡ್ರಿ. ನವೆಂಬರ್‌ನಾಗ ಕಾಲೇಜು ಪ್ರವೇಶ ಪರೀಕ್ಷಾ ದಿನ ಇಂಗ್ಲಿಷ್ ಕೇಳೂ ಪರೀಕ್ಷಾ ನಡದಾಗ ವಿಮಾನ ಏರಾಕ ಇಳಿಯಾಕ ಬಿಡೂದಿಲ್ಲ. ಅಂಥಾ ದೇಶದಾಗ ಮಾರ್ಕ್ಸ್ ಇಲ್ಲದ ಜಾಗತಿಕ ಪೌರತ್ವಕ್ಕ ಯಾರು ಟೈಮ್ ಕೊಡ್ತಾರ? ತರಬೇತಿ ಪಡದ ಶಿಕ್ಷಕರು ತಮ್ಮ ಹುಮ್ಮಸ್ಸಿನ ಮ್ಯಾಲ ಮಾಡ್ತಾರ, ಅವರು ವರ್ಗ ಆಗಿ ಹೋದ್ರ ಅಲ್ಲಿಗೇ ನಿಲ್ತೈತಿ.

ದುರ್ಗದ ಮೇಷ್ಟ್ರು:

ಗದಗಿನ ತಮ್ಮ, ಆ ಪ್ರತಿಜ್ಞೆಯ ಶಬ್ದದ ವಿಷಯ ನಾನು ಖಂಡಿತ ಹೇಳ್ತೀನಿ, ತುಂಬಾ ಉಪಕಾರ ಆಯ್ತು. ಮಂಡ್ಯದ ಮೇಡಂ, ನಿಮ್ಮ ಮಗನ ಪ್ರಶ್ನೆ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಜಪಾನಲ್ಲಿರೋರು ಯಾರಾದ್ರೂ ಇದ್ದೀರಾ?

ನಗೋಯಾದಿಂದ ಸಾಗರದವಳು:

ಇದ್ದೀನಿ ಸರ್. ನಾನು ಇಲ್ಲಿ ಪ್ರೈಮರಿ ಸ್ಕೂಲ್ ಒಂದರಲ್ಲಿ ವಾರಕ್ಕೆರಡು ದಿನ ವಿದೇಶಿ ಮಕ್ಕಳಿಗೆ ಜಪಾನೀ ಭಾಷೆ ಕಲಿಯೋಕೆ ಸಹಾಯ ಮಾಡ್ತೀನಿ, ಹಾಗಾಗಿ ಒಳಗಿನಿಂದ ನೋಡಿದ್ದು ಸ್ವಲ್ಪ ಇದೆ.

ಜಪಾನಿನವರ ಹಳೇ ಪದ "ಕೊಕುಸಾಯ್ ರಿಕಾಯ್", ಅಂತರರಾಷ್ಟ್ರೀಯ ತಿಳುವಳಿಕೆ ಅಂತ. ಯುದ್ಧದಲ್ಲಿ ಸೋತ ಮೇಲೆ ಇವರು 1951ರಲ್ಲಿ ಯುನೆಸ್ಕೋ ಸೇರಿದ್ರು, ವಿಶ್ವಸಂಸ್ಥೆಗೆ ಸೇರಿದ್ದು 1956ರಲ್ಲಿ. ಅಂದ್ರೆ ಪ್ರಪಂಚ ಇವರನ್ನ ಮತ್ತೆ ಒಳಗೆ ಬಿಟ್ಟಿದ್ದು ಶಿಕ್ಷಣ, ಸಂಸ್ಕೃತಿಯ ಬಾಗಿಲಿಂದ. ಅದಕ್ಕೇ ಯುನೆಸ್ಕೋ ಅಂದ್ರೆ ಇಲ್ಲಿ ಒಂಥರಾ ಭಕ್ತಿ ಇದೆ, ಯುನೆಸ್ಕೋ ಜೊತೆ ಸೇರಿರೋ ಸ್ಕೂಲುಗಳು 1000ಕ್ಕಿಂತ ಜಾಸ್ತಿ ಇವೆ. ಸುಸ್ಥಿರ ಅಭಿವೃದ್ಧಿಗಾಗಿ ಶಿಕ್ಷಣ ಅಂತ 2005ರಿಂದ 2014ರವರೆಗೆ ವಿಶ್ವಸಂಸ್ಥೆ ದಶಕ ಆಚರಿಸ್ತಲ್ಲ, ಆ ಪ್ರಸ್ತಾಪ ಇಟ್ಟಿದ್ದೂ ಜಪಾನೇ, ಅದರ ಸಮಾರೋಪದ ಸಮ್ಮೇಳನ ನಮ್ಮ ನಗೋಯಾದಲ್ಲೇ ನಡೆದಿದ್ದು.

ಪಾಠಕ್ಕಿಂತ ದಿನದ ಅಭ್ಯಾಸ ಇಲ್ಲಿ ದೊಡ್ಡದು. ಕ್ಲಾಸ್ ರೂಮು, ಕಾರಿಡಾರು, ಟಾಯ್ಲೆಟ್ಟು ಎಲ್ಲ ಮಕ್ಕಳೇ ಗುಡಿಸಿ ಒರೆಸ್ತಾರೆ, ಮಧ್ಯಾಹ್ನದ ಊಟ ಮಕ್ಕಳೇ ಬಡಿಸ್ತಾರೆ, ಟೀಚರೂ ಅಲ್ಲೇ ಕೂತು ಉಣ್ತಾರೆ. ಶಾಂತಿ ಶಿಕ್ಷಣ ಅಂತ ಎಷ್ಟೋ ಸ್ಕೂಲಿನವರು ಪ್ರವಾಸಕ್ಕೆ ಹಿರೋಶಿಮಾಗೆ ಕರ್ಕೊಂಡು ಹೋಗ್ತಾರೆ, ಹೋಗೋ ಮುಂಚೆ ಇಡೀ ಕ್ಲಾಸು ಸೇರಿ ಸಾವಿರ ಕಾಗದದ ಕೊಕ್ಕರೆ ಮಡಚ್ತಾರೆ. ನಾನೂ ಒಂದು ಮಧ್ಯಾಹ್ನ ಕೂತು ಮಡಚಿದ್ದೀನಿ. ಬಾಂಬಿನ ಸಂಕಟ ಹತ್ತು ವರ್ಷದ ಮಗುವಿಗೆ ಕೈಬೆರಳಿಂದ ಮನಸ್ಸಿಗೆ ಹೋಗೋ ದಾರಿ ಅದು, ನಾನು ನೋಡಿದ ಜಾಗತಿಕ ಪೌರತ್ವದ ಪಾಠಗಳಲ್ಲಿ ಅದಕ್ಕಿಂತ ಆಳವಾದ್ದು ಇನ್ನೊಂದಿಲ್ಲ.

ಆದ್ರೆ ಜಪಾನಿನ ಸೈನ್ಯ ಬೇರೆಯವರಿಗೆ ಕೊಟ್ಟ ಸಂಕಟದ ಪಾಠ ಅಷ್ಟು ಸಲೀಸಾಗಿ ಬರಲ್ಲ. 1982ರಲ್ಲಿ ಪಠ್ಯಪುಸ್ತಕದ ಪದಗಳ ಮೇಲೆ ಚೀನಾ, ಕೊರಿಯಾ ಜೊತೆ ದೊಡ್ಡ ಜಗಳ ಆಗಿ, ನೆರೆ ದೇಶಗಳ ಜೊತೆಗಿನ ಇತಿಹಾಸ ಬರೆಯುವಾಗ ಕಾಳಜಿ ಇರಬೇಕು ಅನ್ನೋ ನಿಯಮ ಬಂತು, ಆದ್ರೂ ಜಗಳ ಆಗಾಗ ಎದ್ದೇಳುತ್ತೆ. ಇದ್ರ ನಡುವೆನೇ ಮೂರೂ ದೇಶದ ಇತಿಹಾಸಕಾರರು, ಟೀಚರ್ಸು ಸೇರಿ ಮಕ್ಕಳಿಗಾಗಿ ಒಂದೇ ಇತಿಹಾಸ ಪುಸ್ತಕ ಬರೆದು 2005ರಲ್ಲಿ ಮೂರೂ ಭಾಷೇಲಿ ತಂದ್ರು. ಒಂದೊಂದು ವಾಕ್ಯಕ್ಕೂ ಮೂರು ಕಡೆಯವರು ಒಪ್ಪಬೇಕಿತ್ತು ಅಂದ್ರೆ ಯೋಚನೆ ಮಾಡಿ. ಸರ್, ನಿಮ್ಮ ಸಭೇಲಿ ಇದನ್ನ ಮರೀದೆ ಹೇಳಿ, ಸಮಾಜ ವಿಜ್ಞಾನದ ಟೀಚರ್ಸು ಮಾಡಿದ ಕೆಲಸ ಅದು. ಇನ್ನೊಂದು ಕಡೆ 2006ರಲ್ಲಿ ಶಿಕ್ಷಣದ ಮೂಲ ಕಾಯ್ದೆಗೆ ದೇಶಪ್ರೀತಿಯ ಮಾತು ಸೇರಿಸಿದ್ರು, 2018ರಲ್ಲಿ ಪ್ರೈಮರೀಲಿ ನೀತಿಪಾಠಾನ ವಿಷಯ ಅಂತಾನೇ ಮಾಡಿದ್ರು, ಎರಡೂ ಜೊತೆಜೊತೆಗೆ ಹೋಗ್ತಿದೆ.

ನನ್ನ ಹೊಟ್ಟೆ ಉರಿಯೋ ವಿಷಯ ಬೇರೆ. ಇಲ್ಲಿ ಕಡ್ಡಾಯ ಶಿಕ್ಷಣ ಜಪಾನೀ ಮಕ್ಕಳಿಗೆ ಮಾತ್ರ, ವಿದೇಶಿ ಮಗು ಬಂದು ಕೇಳಿದ್ರೆ ಸೇರಿಸ್ಕೊಳ್ತಾರೆ, ಬರದೇ ಇದ್ರೆ ಕಾನೂನಿನ ಒತ್ತಾಯ ಇಲ್ಲ. 1990ರಲ್ಲಿ ವಲಸೆ ಕಾನೂನು ಬದಲಾದ ಮೇಲೆ ನಮ್ಮ ಈ ಕಡೆ ಕಾರ್ ಫ್ಯಾಕ್ಟರಿಗಳಿಗೆ ಬ್ರೆಜಿಲ್‌ನಿಂದ ಜಪಾನೀ ಮೂಲದ ಕುಟುಂಬಗಳು ಸಾವಿರಾರು ಬಂದ್ವು. 2019ರಲ್ಲಿ ಸರ್ಕಾರ ಮೊದಲ ಸಲ ದೇಶದ ಪೂರ್ತಿ ಎಣಿಸಿದಾಗ ಹತ್ತಿರ ಹತ್ತಿರ 20 ಸಾವಿರ ವಿದೇಶಿ ಮಕ್ಕಳು ಸ್ಕೂಲಲ್ಲಿಲ್ಲ, ಇಲ್ಲಾ ಇದ್ದಾರೋ ಇಲ್ವೋ ಪತ್ತೆ ಇಲ್ಲ ಅಂತ ಗೊತ್ತಾಯ್ತು. ಯುನೆಸ್ಕೋ ಬೋರ್ಡ್ ಇರೋ ದೇಶದಲ್ಲಿ! ಈಗ ಸುಧಾರಿಸ್ತಿದೆ, 2014ರಿಂದ ಜಪಾನೀ ಭಾಷೆ ಕಲಿಸೋದನ್ನೇ ಆ ಮಕ್ಕಳ ಟೈಮ್‌ಟೇಬಲ್‌ನ ಭಾಗ ಮಾಡೋಕೆ ಅವಕಾಶ ಕೊಟ್ಟಿದ್ದಾರೆ, ನಾನು ಹೋಗೋದೂ ಅಂಥಾ ಕ್ಲಾಸಿಗೇ.

ಕರಾವಳಿ ಹುಡುಗ:

ಎಲ್ಲರೂ ಹೊರಗಿನದ್ದೇ ಹೇಳ್ತಿದ್ದೀರಿ. ನಮ್ಮಲ್ಲಿ ವಸುಧೈವ ಕುಟುಂಬಕಂ ಅಂತ ಸಾವಿರಾರು ವರ್ಷದಿಂದ ಇದೆ, 2023ರ ಜಿ20ಗೂ ಅದೇ ಧ್ಯೇಯವಾಕ್ಯ ಇಟ್ಟಿದ್ದು. ಡಿಸೆಂಬರ್ 29ಕ್ಕೆ ವಿಶ್ವಮಾನವ ದಿನ ಮಾಡುವ ರಾಜ್ಯ ನಮ್ಮದು. ಕೊರಿಯಾ, ಜಪಾನಿಂದ ಕಲಿಯುವ ಅಗತ್ಯ ಏನುಂಟು ಅಂತ ನನಗೆ ಗೊತ್ತಾಗ್ಲಿಲ್ಲ. ಮೇಷ್ಟ್ರು ಇದನ್ನೇ ಹೇಳಿದ್ರೆ ಸಾಕಲ್ವಾ?

ನಿವೃತ್ತ ಉಪನ್ಯಾಸಕ, ಮೈಸೂರು:

ಕರಾವಳಿಯ ಸ್ನೇಹಿತರೇ, ನಿಮ್ಮ ಹೆಮ್ಮೆ ನನ್ನದೂ ಹೌದು, ಮೂವತ್ತೊಂದು ವರ್ಷ ಅದನ್ನೇ ಪಾಠ ಮಾಡಿದವನು ನಾನು. ಆದ್ರೆ ಬೇರೆಯವರಿಂದ ಕಲಿಯೋದು ಏನಿದೆ ಅಂತ ಕೇಳಿದ್ರಲ್ಲ, ಅದಕ್ಕೊಂದು ಮಾತು. ಇಂಡೋನೇಷ್ಯಾದವರ ಧ್ಯೇಯವಾಕ್ಯ "ಭಿನ್ನೇಕ ತುಂಗಲ್ ಇಕ", ಹಳೇ ಜಾವಾ ಭಾಷೇದು, ಬೇರೆ ಬೇರೆಯಾದ್ರೂ ಒಂದೇ ಅಂತ ಅರ್ಥ. ಆ "ಭಿನ್ನ" ನಮ್ಮ ಭಿನ್ನಾನೇ. ಅವರ ದೇಶದ ಐದು ಮೂಲ ತತ್ವಗಳಾದ ಪಂಚಶೀಲ 1945ರದ್ದು. 2022ರಲ್ಲಿ ಅವರು ಹೊಸ ಪಠ್ಯಕ್ರಮ ತಂದಾಗ ಆ ಹಳೇ ಪದವನ್ನೇ ತಗೊಂಡು "ಜಾಗತಿಕ ವೈವಿಧ್ಯ" ಅನ್ನೋ ಗುಣವನ್ನ ವಿದ್ಯಾರ್ಥಿಗೆ ಬೇಕಾದ ಆರು ಗುಣಗಳಲ್ಲಿ ಒಂದು ಮಾಡಿದ್ರು, ಜೊತೆಗೆ ಊರಿನವರೆಲ್ಲ ಕೂಡಿ ಕೆಲಸ ಮಾಡೋ "ಗೋತೊಂಗ್ ರೊಯೊಂಗ್" ಇನ್ನೊಂದು ಗುಣ, ನಮ್ಮ ಮುಯ್ಯಾಳು ಇದ್ದ ಹಾಗೆ. ಅದಕ್ಕೆ ಪಾಠದ ಸಮಯದಲ್ಲೇ ಪ್ರಾಜೆಕ್ಟ್‌ಗೆ ಜಾಗ ಇಟ್ರು. ನಾವು ಶ್ಲೋಕ ಗೋಡೆ ಮೇಲೆ ಬರೆಸಿದ್ದೀವಿ, ಟೈಮ್‌ಟೇಬಲ್‌ನಲ್ಲಿ ಒಂದು ಪೀರಿಯಡ್ ಕೊಟ್ಟಿದ್ದೀವಾ? ಡಿಸೆಂಬರ್ 29ರ ಭಾಷಣ ಸ್ಪರ್ಧೆಗೆ ನಾನೇ ಎಷ್ಟೋ ಸಲ ತೀರ್ಪುಗಾರನಾಗಿದ್ದೆ, ಮಕ್ಕಳು ಸೊಗಸಾಗಿ ಮಾತಾಡ್ತಿದ್ರು, ಊಟಕ್ಕೆ ಕೂರೋವಾಗ ಯಾರು ಯಾರ ಪಕ್ಕ ಕೂರ್ತಾರೆ ಅನ್ನೋದು ಮಾತ್ರ ಮೊದಲಿನ ಹಾಗೇ ಇರ್ತಿತ್ತು.

ಇನ್ನೊಂದು ಹಳೇ ಕಥೆ. 1916ರಲ್ಲಿ ರವೀಂದ್ರನಾಥ ಠಾಕೂರರು ಜಪಾನಿಗೆ ಹೋಗಿದ್ದಾಗ ಅಲ್ಲಿನ ಜನ ತುಂಬಾ ಸಂಭ್ರಮದಿಂದ ಬರಮಾಡ್ಕೊಂಡ್ರು. ಅವರು ರಾಷ್ಟ್ರೀಯತೆಯ ಅಮಲಿನ ಬಗ್ಗೆ ಎಚ್ಚರಿಸಿ ಮಾತಾಡಿದ ಮೇಲೆ ಆ ಸಂಭ್ರಮ ತಣ್ಣಗಾಯ್ತು. ವಾಪಸ್ ಬಂದು 1921ರಲ್ಲಿ ವಿಶ್ವಭಾರತಿ ಕಟ್ಟಿದ್ರು, ಚೀನೀ, ಟಿಬೆಟನ್ ಕಲಿಯೋಕೆ ಜಾಗ ಮಾಡಿದ್ರು. ಪ್ರಪಂಚವನ್ನ ಪ್ರೀತಿಸು ಅನ್ನೋ ಮಾತು ಯಾವ ಕಾಲಕ್ಕೂ ಪುಕ್ಕಟೆ ಬರಲ್ಲ. ಹಾಂಗ್‌ಕಾಂಗ್ ಕೂಡ ನೋಡಿ, 2009ರಲ್ಲಿ ಸೀನಿಯರ್ ತರಗತಿಗಳಿಗೆ ಲಿಬರಲ್ ಸ್ಟಡೀಸ್ ಅಂತ ಕಡ್ಡಾಯ ವಿಷಯ ತಂದ್ರು, ಇವತ್ತಿನ ಸಮಸ್ಯೆಗಳನ್ನ ಬೇರೆ ಬೇರೆ ಕೋನದಿಂದ ಚರ್ಚೆ ಮಾಡೋದು. 2012ರಲ್ಲಿ ಚೀನಾದ ಮೇಲೆ ಅಭಿಮಾನ ಬೆಳೆಸೋ ರಾಷ್ಟ್ರೀಯ ಶಿಕ್ಷಣ ಕಡ್ಡಾಯ ಮಾಡೋಕೆ ಹೋದಾಗ ಹೈಸ್ಕೂಲ್ ಮಕ್ಕಳೇ ಬೀದಿಗಿಳಿದು ಅದನ್ನ ನಿಲ್ಲಿಸಿದ್ರು. 2021ರಲ್ಲಿ ಆ ಚರ್ಚೆಯ ವಿಷಯಾನೇ ತೆಗೆದು "ಪೌರತ್ವ ಮತ್ತು ಸಾಮಾಜಿಕ ಅಭಿವೃದ್ಧಿ" ಅಂತ ತಂದ್ರು, ಅದರ ಮೂರು ಭಾಗದಲ್ಲಿ ಒಂದು ಈಗಲೂ ಪ್ರಪಂಚದ ಪರಸ್ಪರ ಅವಲಂಬನೆ ಕುರಿತೇ ಇದೆ. ಪುಸ್ತಕದಲ್ಲಿ ಪ್ರಪಂಚ ಹಾಗೇ ಉಳೀತು, ಪ್ರಶ್ನೆ ಕೇಳೋ ಜಾಗ ಕಿರಿದಾಯ್ತು. ಹಾಗಾಗಿ ಮೇಷ್ಟ್ರೇ, ಯಾವ ದೇಶದ ಪಠ್ಯಕ್ರಮ ನೋಡಿದ್ರೂ ಅದರಲ್ಲಿ ಜಾಗತಿಕ ಅನ್ನೋ ಪದ ಇದೆಯಾ ಅಂತ ನೋಡ್ಬೇಡಿ, ಮಗು ಎದ್ದು ನಿಂತು ಯಾವ ಪ್ರಶ್ನೆ ಕೇಳಬಹುದು, ಯಾವ ಮಗುವಿಗೆ ಕೂರೋಕೆ ಬೆಂಚಿದೆ, ಈ ಎರಡು ನೋಡಿ.

ಕರಾವಳಿ ಹುಡುಗ:

ಸರ್, ನೀವು ಹೇಳಿದ್ದು ಸರಿ ಉಂಟು. ಊಟದ ಸಾಲಿನ ಮಾತು ನಮ್ಮಲ್ಲೂ ಹಾಗೆಯೇ ಇತ್ತು.

ದುರ್ಗದ ಮೇಷ್ಟ್ರು:

ಎಲ್ಲರಿಗೂ ಕೈ ಮುಗೀತೀನಿ, ಇಷ್ಟು ಬರೀತೀರ ಅಂತ ಅಂದ್ಕೊಂಡಿರ್ಲಿಲ್ಲ. ಉಪನ್ಯಾಸಕರು ಬೆಂಚು ಅಂದ್ರಲ್ಲ, ಅದಕ್ಕೆ ಒಂದು ವಿಷಯ ಹೇಳ್ಲೇಬೇಕು. ನಮ್ಮ ಎಂಟನೇ ಕ್ಲಾಸಿಗೆ ಜೂನಲ್ಲಿ ಒಬ್ಬ ಹುಡುಗ ಸೇರಿದ, ನೇಪಾಳದೋನು, ಅವರಪ್ಪ ಬಸ್ ಸ್ಟ್ಯಾಂಡ್ ಹತ್ರ ಫಾಸ್ಟ್ ಫುಡ್ ಗಾಡೀಲಿ ಕೆಲಸ. ಹುಡುಗ್ರು ಅವನಿಗೆ ಹೆಸರಿಟ್ಟು ಕರೆಯಲ್ಲ, "ಗೂರ್ಖಾ" ಅಂತಾರೆ. ಗದಗಿನ ತಮ್ಮ ಬರೆದ ಆ "ದಾಮುನ್‌ಹ್ವಾ" ಓದಿದಾಗ ನನಗೆ ಇವನ ಮುಖಾನೇ ಕಣ್ಮುಂದೆ ಬಂತು. ನಾನು ಇಷ್ಟು ದಿನ ಕೇಳಿಸ್ಕೊಂಡೂ ಸುಮ್ಮನಿದ್ದೆ, ತಮಾಷೆಗೆ ಅಂತಾರೆ ಅಂತ. ಕನ್ನಡ ಮಾತು ಅರ್ಥ ಆಗುತ್ತೆ ಅವನಿಗೆ, ಓದೋಕೆ ಬರಲ್ಲ, ಸಮಾಜ ವಿಜ್ಞಾನದ ಪುಸ್ತಕ ಮುಂದಿಟ್ಕೊಂಡು ಚಿತ್ರ ನೋಡ್ತಿರ್ತಾನೆ. ಸಭೇಲಿ ದೇಶಗಳ ವಿಷಯ ಹೇಳೋಕೆ ಮುಂಚೆ ಇವನ ವಿಷಯಾನೇ ಹೇಳ್ತೀನಿ ಅಂತ ತೀರ್ಮಾನ ಮಾಡಿದ್ದೀನಿ. ಸಾಗರದ ಮೇಡಂ, ನೀವು ಅಲ್ಲಿ ಆ ಮಕ್ಕಳಿಗೆ ಹೆಂಗೆ ಶುರು ಮಾಡ್ತೀರ ಸ್ವಲ್ಪ ಹೇಳಿ. ಹದಿಮೂರು ವರ್ಷದ ಹುಡುಗನ್ನ ಒಂದನೇ ಕ್ಲಾಸ್ ಮಕ್ಕಳ ಜೊತೆ ಕೂರಿಸೋಕೆ ಆಗಲ್ಲ, ಅವನಿಗೆ ಅವಮಾನ ಆಗುತ್ತೆ.

ನಗೋಯಾದಿಂದ ಸಾಗರದವಳು:

ಕೂರಿಸ್ಲೇಬೇಡಿ ಸರ್. ನಾವಿಲ್ಲಿ ದಿನಕ್ಕೆ ಒಂದು ಪೀರಿಯಡ್ ಮಾತ್ರ ಬೇರೆ ರೂಮಿಗೆ ಕರ್ಕೊಂಡು ಹೋಗ್ತೀವಿ, ಉಳಿದಿದ್ದೆಲ್ಲ ಅವನ ವಯಸ್ಸಿನವರ ಜೊತೇನೇ. ಗಣಿತ, ಆಟ, ಚಿತ್ರದ ಪೀರಿಯಡ್ಡಿಂದ ಎಬ್ಬಿಸಲ್ಲ, ಅಲ್ಲಿ ಅವನು ಬೇರೆಯವರಿಗೆ ಸಮ ಇರ್ತಾನೆ. ಮೊದಲ ವಾರ ಅವನ ಹೆಸರು, ಅವನ ಜೊತೆ ಕೂರೋ ಹುಡುಗರ ಹೆಸರು, ಊರ ಹೆಸರು, ಬಸ್ ಬೋರ್ಡು ಇಷ್ಟೇ ಓದಿಸಿ. ನೇಪಾಳಿ ಬರೆಯೋದು ದೇವನಾಗರೀಲೇ, ಊರಲ್ಲಿ ಸ್ಕೂಲಿಗೆ ಹೋಗಿದ್ರೆ ಅಕ್ಷರ ಗೊತ್ತಿರುತ್ತೆ, ನಿಮ್ಮ ಹಿಂದಿ ಟೀಚರ್‌ಗೆ ಹೇಳಿ ಒಂದು ಕಡೆ ದೇವನಾಗರಿ, ಪಕ್ಕದಲ್ಲಿ ಕನ್ನಡ ಅಕ್ಷರ ಬರೆದ ಚಾರ್ಟ್ ಮಾಡಿಸಿ. ಕ ಖ ಗ ಘ ಅದೇ ಕ್ರಮ, ಕಾಗುಣಿತಾನೂ ಅದೇ ಲೆಕ್ಕ, ಜಪಾನೀ ಅಕ್ಷರದಷ್ಟು ಕಷ್ಟ ಇಲ್ಲ, ದೀಪಾವಳಿ ಹೊತ್ತಿಗೆ ಓದ್ತಾನೆ. ಹಿಂದಿ ಪೀರಿಯಡಲ್ಲಿ ಅವನ ಕೈಲಿ ಗಟ್ಟಿಯಾಗಿ ಓದಿಸಿ, ಬೇರೆ ಹುಡುಗರು ಕೇಳಿಸ್ಕೊಳ್ಳಲಿ. ಚಾರ್ಟ್ ಆದ ಮೇಲೆ ಇಲ್ಲಿ ಒಂದು ಫೋಟೋ ಹಾಕಿ, ನನ್ನ ಹತ್ರಾನೂ ಈ ವರ್ಷ ಒಬ್ಬ ನೇಪಾಳಿ ಹುಡುಗಿ ಇದ್ದಾಳೆ, ಅವಳಿಗೆ ತೋರಿಸ್ತೀನಿ.